ಸಂಬಳ ಜಾಸ್ತಿಯಾದರೆ ಕೌನ್ಸಿಲ್ ಮನೆ ಬಿಡಬೇಕಾ?

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಗಳ, ಅಂದರೆ ಕೌನ್ಸಿಲ್ ಅನ್ನುವ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆಗಳ, ಬಾಡಿಗೆದಾರರಿಗೆ ಸಲಹೆ ಕೊಡುವುದು ನನ್ನ ಕೆಲಸ. ಇಲ್ಲಿನ ಕನ್ನಡದವರು ಎಲ್ಲೇ ಸಿಗಲಿ, ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಬಡವರಿಗೆ ಅಂತ ಕಟ್ಟಿದ ಮನೆಯಲ್ಲಿ ಕೈತುಂಬಾ ಸಂಬಳ ಬರುವವರು ಯಾಕಿರಬೇಕು? ಬಿಟ್ಟುಕೊಡಬಾರದಾ?

ಆ ಸಿಟ್ಟು ಸುಮ್ನೆ ಬಂದದ್ದಲ್ಲ. ವರ್ಕ್ ವೀಸಾದಲ್ಲಿ ಬಂದ ನರ್ಸ್ ಒಬ್ಬರು ಲಂಡನ್ನಿನಲ್ಲಿ ಸಂಬಳದ ಅರ್ಧದಷ್ಟನ್ನು ಖಾಸಗಿ ಮಾಲೀಕರಿಗೆ ಸುರಿಯುತ್ತಿರುತ್ತಾರೆ. ಕಾಯಂ ವಾಸದ ಅನುಮತಿ ಸಿಗುವವರೆಗೆ ಕೌನ್ಸಿಲ್ ಮನೆಗೆ ಹೆಸರು ಬರೆಸುವುದಕ್ಕೂ ಸಾಮಾನ್ಯವಾಗಿ ಅವರಿಗೆ ಹಕ್ಕಿಲ್ಲ. ಅದೇ ಬೀದಿಯ ಕೌನ್ಸಿಲ್ ಫ್ಲ್ಯಾಟಿನಲ್ಲಿ ತಮಗಿಂತ ಜಾಸ್ತಿ ದುಡಿಯುವವರು ಅರ್ಧಕ್ಕಿಂತ ಕಡಿಮೆ ಬಾಡಿಗೆಗೆ ಇರುವುದನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಮನೆಗೆ ಕಾಯುತ್ತಿರುವ ಕುಟುಂಬಗಳು 13 ಲಕ್ಷಕ್ಕೂ ಹೆಚ್ಚು. 1.2 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಹೋಟೆಲ್ ರೂಮು, ಹಾಸ್ಟೆಲ್ಲು ಅಂತ ತಾತ್ಕಾಲಿಕ ಜಾಗಗಳಲ್ಲಿವೆ. ಒಂದೇ ರೂಮಿನಲ್ಲಿ ಮೂರು ಮಕ್ಕಳನ್ನು ಇಟ್ಟುಕೊಂಡ ತಾಯಂದಿರ ಜೊತೆ ಕೂತು ಮಾತಾಡುವುದು ನನ್ನ ದಿನದ ಕೆಲಸ. ಹಾಗಾಗಿ ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ.

ಆದರೂ ನನ್ನ ಉತ್ತರ ನೇರ. ಸಂಬಳ ಏರಿತು ಅಂತ ಯಾರನ್ನೂ ಮನೆಯಿಂದ ಎಬ್ಬಿಸಬಾರದು. ನಿಜವಾಗಿ ತುಂಬಾ ದುಡಿಯುವವರಿಂದ ಜಾಸ್ತಿ ಬಾಡಿಗೆ ಕೇಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾಯುತ್ತಿರುವವರಿಗೆ ಮನೆ ಸಿಗದಿರುವುದಕ್ಕೆ ಕಾರಣ ಈ ಬಾಡಿಗೆದಾರರಲ್ಲ. ಆ ಕಾರಣ ಬೇರೆ ಇದೆ, ಅದರ ಬಗ್ಗೆ ಇಷ್ಟು ಸಿಟ್ಟು ನನಗೆ ಎಲ್ಲೂ ಕಾಣುವುದಿಲ್ಲ.

ಮೊದಲು ಒಂದು ಮಾತು. ಕೌನ್ಸಿಲ್ ಮನೆಗಳನ್ನು ಕಟ್ಟಿದ್ದು ಬಡವರಿಗೆ ಮಾತ್ರ ಅನ್ನುವುದು ಚರಿತ್ರೆಯ ಪ್ರಕಾರ ಸರಿಯಲ್ಲ. ದೊಡ್ಡ ಪ್ರಮಾಣದಲ್ಲಿ ಇವನ್ನು ಕಟ್ಟಲು ಶುರುಮಾಡಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಕಾಯ್ದೆಯಿಂದ. ಆಗ ಅದು ಕಾರ್ಮಿಕರಿಗೆ ಅಂತಲೇ ಇತ್ತು. 1949ರಲ್ಲಿ ಅನ್ಯೂರಿನ್ ಬೆವನ್ ಮಂತ್ರಿಯಾಗಿದ್ದಾಗ ಕಾನೂನಿನಿಂದ ಆ ಮಿತಿಯನ್ನು ತೆಗೆದುಹಾಕಿದರು. ಡಾಕ್ಟರು, ದಿನಸಿ ಅಂಗಡಿಯವನು, ಹೊಲದಲ್ಲಿ ದುಡಿಯುವವನು ಎಲ್ಲರೂ ಒಂದೇ ಬೀದಿಯಲ್ಲಿ ಇರಬೇಕು ಅನ್ನುವುದು ಬೆವನ್ ಅವರ ಆಸೆಯಾಗಿತ್ತು. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಸುಮಾರು ಮೂರನೇ ಒಂದು ಭಾಗ ಕುಟುಂಬಗಳು ಇಂಥ ಮನೆಗಳಲ್ಲಿದ್ದವು. ಟೀಚರ್, ಪೋಸ್ಟ್‌ಮ್ಯಾನ್, ಫ್ಯಾಕ್ಟರಿ ಸೂಪರ್‌ವೈಸರ್ ಎಲ್ಲರೂ ಇದ್ದರು. ಯಾರೂ ಅವರ ಸಂಬಳದ ಚೀಟಿ ಕೇಳುತ್ತಿರಲಿಲ್ಲ.

ಈ ಪ್ರಶ್ನೆ ದೊಡ್ಡ ಸುದ್ದಿಯಾಗಿದ್ದು ಬಾಬ್ ಕ್ರೋ ಅವರಿಂದ. ರೈಲ್ವೆ ಕಾರ್ಮಿಕರ ಸಂಘದ ನಾಯಕ. ಸುಮಾರು 1.45 ಲಕ್ಷ ಪೌಂಡ್ ಸಂಬಳ ಮತ್ತು ಸೌಲಭ್ಯ ಪಡೆಯುತ್ತಿದ್ದರೂ ಸಾಮಾಜಿಕ ಬಾಡಿಗೆ ಮನೆಯಲ್ಲೇ (ಕೌನ್ಸಿಲ್ಲೋ ಲಾಭಕ್ಕಲ್ಲದ ಸಂಸ್ಥೆಯೋ ಕಡಿಮೆ ಬಾಡಿಗೆಗೆ ಕೊಡುವ ಮನೆ) ಇದ್ದರು. ಪತ್ರಿಕೆಗಳು ಎಷ್ಟು ಕೂಗಿದರೂ ಬಿಡುವುದಿಲ್ಲ ಅಂದರು, 2014ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅವರ ಹೆಸರನ್ನು ಹಿಡಿದು ಎಳೆದಾಡಿದಷ್ಟು ಬೇರೆ ಯಾವ ಬಾಡಿಗೆದಾರರನ್ನೂ ಎಳೆದಾಡಿಲ್ಲ. ಆದರೆ ಅವರಂಥವರು ಎಷ್ಟು ಜನ? ತುಂಬಾ ದುಡಿಯುವವರಿಂದ ಜಾಸ್ತಿ ಬಾಡಿಗೆ ಕೇಳುವ ಯೋಚನೆಯಲ್ಲಿದ್ದ ಆಗಿನ ಸರ್ಕಾರವೇ 2012ರಲ್ಲಿ ಅಂದಾಜು ಮಾಡಿತ್ತು. ವರ್ಷಕ್ಕೆ 60,000 ಪೌಂಡ್ ದಾಟುವ ಕುಟುಂಬಗಳು ಹೆಚ್ಚೆಂದರೆ 34,000. ಇಂಗ್ಲೆಂಡಿನಲ್ಲಿ ಇಂಥ ಮನೆಗಳು ಸುಮಾರು 40 ಲಕ್ಷ ಇವೆ. ಅಂದರೆ ನೂರಕ್ಕೆ ಒಂದೂ ಇಲ್ಲ.

ಇಷ್ಟು ಕಡಿಮೆ ಜನರಿಂದ ದೊಡ್ಡ ಹಣ ಬರುವುದಿಲ್ಲ ಅಲ್ವಾ? ಅದಕ್ಕೇ 2015ರ ಜುಲೈ ಬಜೆಟ್ಟಿನಲ್ಲಿ ಮಿತಿಯನ್ನು ಕೆಳಗೆ ಎಳೆದರು. ಪೇ ಟು ಸ್ಟೇ ಅಂತ ಅದರ ಹೆಸರು, ಮನೆಯಲ್ಲಿ ಉಳಿಯಬೇಕಾದರೆ ಜಾಸ್ತಿ ಕೊಡಿ ಅಂತ. 2016ರ ಹೌಸಿಂಗ್ ಅಂಡ್ ಪ್ಲಾನಿಂಗ್ ಕಾಯ್ದೆಯಲ್ಲಿ ಅದು ಸೇರಿತು. ಲಂಡನ್ನಿನಲ್ಲಿ 40,000 ಪೌಂಡ್, ಬೇರೆ ಕಡೆ 31,000 ಪೌಂಡ್. ಇದು ಒಬ್ಬರ ಸಂಬಳ ಅಲ್ಲ, ಗಂಡ ಹೆಂಡತಿ ಇಬ್ಬರದೂ ಸೇರಿ. ಮಿತಿ ದಾಟಿದ ಪ್ರತಿ ಪೌಂಡಿಗೆ 15 ಪೆನ್ಸ್ ಹೆಚ್ಚುವರಿ ಬಾಡಿಗೆ.

ಲೆಕ್ಕ ಹಾಕಿ ನೋಡಿ. ಲಂಡನ್ನಿನ ಹೊರಗೆ ಗಂಡ ಬಸ್ ಡಿಪೋದಲ್ಲಿ, ಹೆಂಡತಿ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಾರೆ ಅಂದುಕೊಳ್ಳಿ. ಇಬ್ಬರಿಗೂ ಗಂಟೆಗೆ 8 ಪೌಂಡ್, ವಾರಕ್ಕೆ 37.5 ಗಂಟೆ, ವರ್ಷವಿಡೀ ಕೆಲಸ. ಒಟ್ಟು 31,200 ಪೌಂಡ್ ಆಯಿತು, ಮಿತಿ ದಾಟಿದರು. ಆ ವರ್ಷ 25 ದಾಟಿದವರ ಕನಿಷ್ಠ ಕೂಲಿಯೇ 7.20 ಪೌಂಡ್ ಇತ್ತು. ಹೆಚ್ಚು ಸಂಬಳದವರು ಅಂತ ಕಾನೂನು ಕರೆದದ್ದು ಇವರನ್ನು! ಅವರು ಅದರ ಮೇಲೆ ಒಂದು ಪೌಂಡ್ ದುಡಿದರೆ 20 ಪೆನ್ಸ್ ಆದಾಯ ತೆರಿಗೆ, 12 ಪೆನ್ಸ್ ನ್ಯಾಷನಲ್ ಇನ್ಶೂರೆನ್ಸ್ ಅನ್ನುವ ಕಡ್ಡಾಯ ವಂತಿಗೆ, ಮೇಲೆ 15 ಪೆನ್ಸ್ ಬಾಡಿಗೆ, ಒಟ್ಟು 47 ಪೆನ್ಸ್ ಕೈಯಿಂದ ಜಾರುತ್ತಿತ್ತು. ಓವರ್‌ಟೈಮ್ ಮಾಡಬೇಕಾ ಬೇಡವಾ, ಪ್ರಮೋಷನ್ ಒಪ್ಪಿಕೊಳ್ಳಬೇಕಾ ಬೇಡವಾ ಅಂತ ಕೇಳಿಕೊಂಡು ಜನ ಆಗ ನನ್ನ ಬಳಿ ಬರುತ್ತಿದ್ದರು. ಸಿಕ್ಕ ಕೆಲಸವನ್ನು ಬೇಡ ಅನ್ನುವ ಸ್ಥಿತಿಗೆ ದುಡಿಯುವವರನ್ನು ತಳ್ಳುವ ಯಾವ ಕಾನೂನನ್ನೂ ನಾನು ಒಪ್ಪುವುದಿಲ್ಲ.

ಇನ್ನೊಂದು ತೊಡಕು, ಆಫೀಸಿನಲ್ಲಿ ಕೂತವರಿಗೆ ಮಾತ್ರ ಕಾಣುವಂಥದ್ದು. ಬಾಡಿಗೆದಾರರ ಸಂಬಳ ಎಷ್ಟು ಅಂತ ಕೌನ್ಸಿಲ್ಲಿಗೆ ಗೊತ್ತೇ ಇರುವುದಿಲ್ಲ. ತಿಳಿಯಬೇಕಾದರೆ ತೆರಿಗೆ ಇಲಾಖೆಯ ಲೆಕ್ಕ ಬೇಕು, ಅದು ಕಳೆದ ವರ್ಷದ್ದು. ಕಳೆದ ವರ್ಷ ಓವರ್‌ಟೈಮ್ ಸಿಕ್ಕಿತ್ತು, ಈ ವರ್ಷ ಕಾಂಟ್ರಾಕ್ಟ್ ಮುಗಿದಿದೆ, ಮಧ್ಯೆ ಹೆಂಡತಿಗೆ ಹೆರಿಗೆ ರಜೆ. ಇವರ ಬಾಡಿಗೆ ಎಷ್ಟು? ಕಡಿಮೆ ಸಂಬಳದ ಬದುಕಿನಲ್ಲಿ ಆದಾಯ ಪ್ರತಿ ತಿಂಗಳೂ ಮೇಲೆ ಕೆಳಗೆ ಆಗುತ್ತಿರುತ್ತದೆ.

ಕೊನೆಗೆ 2016ರ ನವೆಂಬರಿನಲ್ಲಿ ಸರ್ಕಾರವೇ ಇದನ್ನು ಕಡ್ಡಾಯ ಮಾಡುವುದನ್ನು ಕೈಬಿಟ್ಟಿತು. ಕೈಬಿಟ್ಟದ್ದು ಒಳ್ಳೆಯದಾಯಿತು. ಅಂದಹಾಗೆ, ಕೌನ್ಸಿಲ್ಲುಗಳು ಹಾಗೆ ವಸೂಲಿ ಮಾಡಿದ ಹೆಚ್ಚುವರಿ ಬಾಡಿಗೆ ಹೊಸ ಮನೆ ಕಟ್ಟಲು ಹೋಗುತ್ತಿರಲಿಲ್ಲ. ನೇರವಾಗಿ ಕೇಂದ್ರ ಖಜಾನೆಗೆ ಹೋಗುವುದಿತ್ತು. ಕಾಯುತ್ತಿರುವ ಒಂದು ಕುಟುಂಬಕ್ಕೂ ಅದರಿಂದ ಒಂದು ಇಟ್ಟಿಗೆ ಸಿಗುತ್ತಿರಲಿಲ್ಲ.

ಸಬ್ಸಿಡಿ ವಿಷಯವೂ ಬಿಡಿಸಿ ಹೇಳಬೇಕು. ತೆರಿಗೆದಾರರು ತಿಂಗಳಿಗೆ ಇಷ್ಟು ಅಂತ ಕೌನ್ಸಿಲ್ ಬಾಡಿಗೆದಾರರಿಗೆ ಕೊಡುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಇಂಗ್ಲೆಂಡಿನ ಕೌನ್ಸಿಲ್ಲುಗಳು ಮನೆಗಳ ಲೆಕ್ಕವನ್ನು ಬೇರೆ ಖಾತೆಯಲ್ಲಿ ಇಡಬೇಕು, 2012ರ ಏಪ್ರಿಲ್‌ನಿಂದ ಆ ಖಾತೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಳೆಯ ಸಾಲದ ಬಡ್ಡಿ, ರಿಪೇರಿ, ಸಿಬ್ಬಂದಿ ಖರ್ಚು ಎಲ್ಲ ಬಾಡಿಗೆಯಿಂದಲೇ ಬರಬೇಕು. 1950ರಲ್ಲಿ ಕಟ್ಟಿದ ಮನೆಯ ಖರ್ಚು ಎಂದೋ ತೀರಿದೆ. ಬಾಡಿಗೆ ಕಡಿಮೆ ಇರುವುದು ಅದಕ್ಕೆ, ಮತ್ತೆ ಅದನ್ನು ಲೆಕ್ಕ ಹಾಕುವಾಗ ಮನೆಯ ಬೆಲೆಗಿಂತ ಆ ಪ್ರದೇಶದ ಸಂಬಳಕ್ಕೆ ಜಾಸ್ತಿ ತೂಕ ಕೊಡುವುದಕ್ಕೆ. ಮಾರುಕಟ್ಟೆಗೆ ಹೋಲಿಸಿದರೆ ಅದು ರಿಯಾಯಿತಿ ಹೌದು. ಯಾರದೋ ಜೇಬಿನಿಂದ ತೆಗೆದುಕೊಟ್ಟ ದುಡ್ಡಲ್ಲ.

ಮನೆಗಳು ಎಲ್ಲಿ ಹೋದವು ಅನ್ನುವುದೇ ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ.

1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ರೈಟ್ ಟು ಬೈ ತಂದಿತು. ಕೆಲವು ವರ್ಷ ಬಾಡಿಗೆಗಿದ್ದರೆ ಆ ಮನೆಯನ್ನೇ ಭಾರಿ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು. ಶುರುವಿನಲ್ಲಿ ರಿಯಾಯಿತಿ ಬೆಲೆಯ ಅರ್ಧದವರೆಗೂ ಇತ್ತು, ಮುಂದೆ ಫ್ಲ್ಯಾಟುಗಳಿಗೆ ಶೇ 70ರವರೆಗೂ ಏರಿತು. ಇಂಗ್ಲೆಂಡಿನಲ್ಲೇ ಹೀಗೆ ಹೋದ ಮನೆಗಳು ಸುಮಾರು 20 ಲಕ್ಷ. ಹೋದಷ್ಟನ್ನು ಮತ್ತೆ ಕಟ್ಟಲಿಲ್ಲ, ಮಾರಿದ ಹಣವನ್ನು ಪೂರ್ತಿಯಾಗಿ ಮನೆ ಕಟ್ಟಲು ಬಳಸುವುದಕ್ಕೆ ಕೌನ್ಸಿಲ್ಲುಗಳನ್ನು ಬಿಡಲೂ ಇಲ್ಲ. ಲಂಡನ್ನಿನಲ್ಲಿ ಹೀಗೆ ಮಾರಿದ ಫ್ಲ್ಯಾಟುಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಈಗ ಖಾಸಗಿ ಮಾಲೀಕರ ಕೈಯಲ್ಲಿ ಬಾಡಿಗೆ ಮನೆಗಳಾಗಿವೆ. ತಾವೇ ಮಾರಿದ ಫ್ಲ್ಯಾಟನ್ನು ಮನೆಯಿಲ್ಲದ ಕುಟುಂಬಕ್ಕಾಗಿ ಮಾರುಕಟ್ಟೆ ಬೆಲೆಗೆ ಮತ್ತೆ ಬಾಡಿಗೆಗೆ ಹಿಡಿದ ಕೌನ್ಸಿಲ್ಲುಗಳೂ ಇವೆ.

ಈಗ ಎರಡು ಕುಟುಂಬಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಒಂದೇ ಸಂಬಳ, ಒಂದೇ ತರಹದ ಫ್ಲ್ಯಾಟು. ಒಬ್ಬರು ಬಾಡಿಗೆ ಕಟ್ಟಿಕೊಂಡು ಅಲ್ಲೇ ಇದ್ದಾರೆ. ಅವರು ಹೋದ ದಿನ ಆ ಫ್ಲ್ಯಾಟು ಕಾಯುತ್ತಿರುವ ಇನ್ನೊಬ್ಬರಿಗೆ ಸಿಗುತ್ತದೆ. ಇನ್ನೊಬ್ಬರು 2016ರಲ್ಲಿ ಲಂಡನ್ನಿನಲ್ಲಿ 1 ಲಕ್ಷ ಪೌಂಡಿಗೂ ಮೀರಿದ ರಿಯಾಯಿತಿಯಲ್ಲಿ ಅದನ್ನು ಕೊಂಡರು. ಆ ಫ್ಲ್ಯಾಟು ಸಾಮಾನ್ಯವಾಗಿ ಮತ್ತೆ ಕೌನ್ಸಿಲ್ ಮನೆಗಳ ಪಟ್ಟಿಗೆ ವಾಪಸ್ ಬರುವುದಿಲ್ಲ. ಮೊದಲನೆಯವರನ್ನು ಸ್ವಾರ್ಥಿ ಅಂತ ಪತ್ರಿಕೆಗಳು ಬೈದವು, ಎರಡನೆಯವರನ್ನು ಶ್ರಮಜೀವಿ ಅಂತ ಸರ್ಕಾರ ಹೊಗಳಿತು. ಪೇ ಟು ಸ್ಟೇ ಸುದ್ದಿ ಬಂದಾಗ ನನ್ನ ಬಳಿ ಬಂದ ಹಲವರು ಕೇಳಿದ್ದು ಒಂದೇ: ಬಾಡಿಗೆ ಏರುವುದೇ ಆದರೆ ಸಾಲ ಮಾಡಿ ಕೊಂಡುಬಿಡುವುದು ವಾಸಿ ಅಲ್ವಾ? ಅವರ ದೃಷ್ಟಿಯಿಂದ ಅದು ಸರಿಯಾದ ಲೆಕ್ಕವೇ. ನಷ್ಟವಾಗುತ್ತಿದ್ದದ್ದು ಕಾಯುತ್ತಿದ್ದವರಿಗೆ.

ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ಪೂರ್ತಿ ನಿಲ್ಲಿಸಿದವು. ಇಂಗ್ಲೆಂಡಿನಲ್ಲಿ 2024ರ ನವೆಂಬರಿನಲ್ಲಿ ರಿಯಾಯಿತಿಯನ್ನು ಗರಿಷ್ಠ 38,000 ಪೌಂಡಿಗೆ ಇಳಿಸಿದರು, ಕೆಲವು ಕಡೆ ಅದು 16,000 ಮಾತ್ರ. ಬಹಳ ತಡವಾಯಿತು, ಆದರೂ ಸರಿಯಾದ ಹೆಜ್ಜೆ. ಇಂಗ್ಲೆಂಡೂ ಪೂರ್ತಿ ನಿಲ್ಲಿಸಲಿ ಅನ್ನುವುದು ನನ್ನ ಒತ್ತಾಯ.

ಬೇರೆ ಊರುಗಳು ಏನು ಮಾಡುತ್ತವೆ? ಹಾಂಗ್‌ಕಾಂಗ್ ಬಹಳ ಬಿಗಿ. ಸರ್ಕಾರಿ ಬಾಡಿಗೆ ಮನೆಯಲ್ಲಿ ಹತ್ತು ವರ್ಷ ಆದ ಮೇಲೆ ಎರಡು ವರ್ಷಕ್ಕೊಮ್ಮೆ ಆದಾಯ ತೋರಿಸಬೇಕು. ಆದಾಯ ಏರಿದಂತೆ ಬಾಡಿಗೆ ಏರುತ್ತದೆ. 2017ರಲ್ಲಿ ಬಿಗಿ ಮಾಡಿದ ನಿಯಮದ ಪ್ರಕಾರ ಆದಾಯ ಅರ್ಹತೆಯ ಮಿತಿಯ ಐದು ಪಟ್ಟು ದಾಟಿದರೆ, ಇಲ್ಲವೇ ಅಲ್ಲೇ ಸ್ವಂತ ಮನೆ ಇದ್ದರೆ, ಜಾಗ ಖಾಲಿ ಮಾಡಬೇಕು. ಸ್ವಂತ ಮನೆ ಇಟ್ಟುಕೊಂಡು ಸರ್ಕಾರಿ ಮನೆಯಲ್ಲೂ ಇರುವುದು ತಪ್ಪು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಮನೆಯಲ್ಲಿರುವ ಎಲ್ಲರ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಮಗನಿಗೋ ಮಗಳಿಗೋ ಕೆಲಸ ಸಿಕ್ಕ ಕೂಡಲೇ ಅವರ ಹೆಸರನ್ನು ಮನೆಯ ದಾಖಲೆಯಿಂದ ತೆಗೆಸುವ ಅಪ್ಪ ಅಮ್ಮಂದಿರಿದ್ದಾರೆ.

ವಿಯೆನ್ನಾ ಇದಕ್ಕೆ ಪೂರ್ತಿ ಉಲ್ಟಾ. ನಗರಸಭೆಯ ಬಳಿಯೇ ಸುಮಾರು 2.2 ಲಕ್ಷ ಫ್ಲ್ಯಾಟುಗಳಿವೆ. ಆದಾಯ ನೋಡುವುದು ಒಳಗೆ ಬರುವಾಗ ಮಾತ್ರ, ಆಮೇಲೆ ಯಾರೂ ಕೇಳುವುದಿಲ್ಲ. ಅಲ್ಲೂ ಸಂಸದರೊಬ್ಬರು ಇಂಥ ಫ್ಲ್ಯಾಟಿನಲ್ಲಿದ್ದರು ಅಂತ ಗಲಾಟೆ ಆಗಿತ್ತು, ಆದರೂ ನಗರ ನಿಯಮ ಬದಲಿಸಲಿಲ್ಲ. ಸ್ಥಿತಿವಂತರೂ ಬಡವರೂ ಒಂದೇ ಮೆಟ್ಟಿಲು ಹತ್ತಲಿ ಅನ್ನುವುದು ಅವರ ನೀತಿ. ಅದು ನಡೆಯುವುದು ಮನೆಗಳು ಸಾಕಷ್ಟು ಇರುವುದರಿಂದ. 1920ರ ದಶಕದಿಂದ ಕಟ್ಟಿಕೊಂಡು ಬಂದರು, ಮಾರಿಕೊಳ್ಳಲಿಲ್ಲ.

ಊರಿನಲ್ಲಿ ಬಿಪಿಎಲ್ ಕಾರ್ಡ್ ರದ್ದು ಮಾಡುವ ಸುದ್ದಿ ನೋಡುವವರು, ಹಾಗೇ ಇಲ್ಲೂ ರದ್ದು ಮಾಡಿದರಾಯಿತು ಅನ್ನುತ್ತಾರೆ. ಎರಡೂ ಒಂದೇ ಅಲ್ಲ. ಕಾರ್ಡ್ ಹೋದರೆ ಅಕ್ಕಿಯನ್ನು ಅಂಗಡಿಯಲ್ಲಿ ಕೊಳ್ಳಬಹುದು. ಮನೆ ಹೋದರೆ ಮಕ್ಕಳ ಶಾಲೆ ಹೋಗುತ್ತದೆ, ಡಾಕ್ಟರು ಬದಲಾಗುತ್ತಾರೆ, ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ದೂರವಾಗುತ್ತಾರೆ. ಎಷ್ಟೋ ಸಲ ಸಂಬಳ ಏರಿದ್ದೇ ಆ ಮನೆ ಗಟ್ಟಿಯಾಗಿ ಇದ್ದದ್ದರಿಂದ. ಎಲ್ಲಕ್ಕಿಂತ ಹೆಚ್ಚಾಗಿ, ಸ್ವಲ್ಪ ಚೆನ್ನಾಗಿ ದುಡಿಯುವವರನ್ನೆಲ್ಲ ಹೊರಗೆ ಕಳಿಸಿದರೆ ಆ ಕಟ್ಟಡದಲ್ಲಿ ಕಷ್ಟದಲ್ಲಿರುವವರು ಮಾತ್ರ ಉಳಿಯುತ್ತಾರೆ. ಅಂಥ ಕೌನ್ಸಿಲ್ ಬಡಾವಣೆಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಬಾಡಿಗೆದಾರರ ಸಭೆಗೆ ಬಂದು ಲಿಫ್ಟ್ ಯಾಕೆ ಕೆಟ್ಟಿದೆ ಅಂತ ಜೋರಾಗಿ ಕೇಳುವವರೇ ಅಲ್ಲಿ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಿತಿ ನಿಜವಾಗಿ ಎತ್ತರದಲ್ಲಿರಲಿ. ಕುಟುಂಬಕ್ಕೆ 60,000 ಪೌಂಡ್ ಅಂತ 2012ರಲ್ಲಿ ಹೇಳಿದ್ದನ್ನು ಈಗಿನ ಸಂಬಳಗಳಿಗೆ ತಕ್ಕಂತೆ ಏರಿಸಿ, ಅದನ್ನು ದಾಟಿದವರ ಬಾಡಿಗೆ ಮೆಲ್ಲಗೆ ಮಾರುಕಟ್ಟೆ ಮಟ್ಟಕ್ಕೆ ಹೋಗಲಿ. ಆದಾಯ ಇಳಿದ ತಿಂಗಳೇ ಬಾಡಿಗೆಯೂ ಇಳಿಯಲಿ. ಬಂದ ಹಣ ಆ ಕೌನ್ಸಿಲ್ಲಿನಲ್ಲೇ ಉಳಿದು ಮನೆಯಾಗಲಿ. ಮನೆ ಮಾತ್ರ ಅವರದ್ದೇ ಇರಲಿ. ತಾವಾಗಿ ಹೊರಡಲು ಸಿದ್ಧ ಇರುವವರೂ ಬೇಕಾದಷ್ಟು ಜನ ಇದ್ದಾರೆ, ಮುಖ್ಯವಾಗಿ ಮಕ್ಕಳು ದೂರ ಹೋದ ಮೇಲೆ ಮೂರು ಬೆಡ್‌ರೂಮಿನಲ್ಲಿ ಒಬ್ಬರೇ ಉಳಿದ ಹಿರಿಯರು. ಅವರಿಗೆ ಹತ್ತಿರದಲ್ಲೇ ನೆಲಮಹಡಿಯ ಚಿಕ್ಕ ಮನೆ, ಸಾಗಿಸುವ ಖರ್ಚು, ಕೈಗೆ ಸ್ವಲ್ಪ ಹಣ ಕೊಟ್ಟರೆ ಖುಷಿಯಿಂದ ಹೋಗುತ್ತಾರೆ. ಒಂದು ದೊಡ್ಡ ಕುಟುಂಬಕ್ಕೆ ಮನೆ ಸಿಗುತ್ತದೆ. ಆ ದಾರಿಗೆ ಕೊಡುವ ಹಣ ಮಾತ್ರ ಯಾವಾಗಲೂ ಕಡಿಮೆ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೌನ್ಸಿಲ್ ಮನೆ ಹೆಸರಿನಲ್ಲಿಟ್ಟುಕೊಂಡು ಬೇರೆ ಕಡೆ ಇದ್ದು, ಅದನ್ನು ಇನ್ನೊಬ್ಬರಿಗೆ ಜಾಸ್ತಿ ಬಾಡಿಗೆಗೆ ಕೊಡುವವರಿದ್ದಾರೆ. 2013ರ ಕಾಯ್ದೆಯಿಂದ ಅದು ಕ್ರಿಮಿನಲ್ ಅಪರಾಧ. ಅಂಥವರ ಸಂಬಳ ಎಷ್ಟೇ ಇರಲಿ, ಮನೆ ಹೋಗಲೇಬೇಕು.

ಕೌನ್ಸಿಲ್ ಮನೆಯಲ್ಲಿರುವ ಕನ್ನಡದವರು ಯಾರಾದರೂ ಪ್ರಮೋಷನ್ ಸಿಕ್ಕಿದೆ ಅಂತ ಗಾಬರಿಯಾಗಿದ್ದರೆ, ನಿಮ್ಮ ಟೆನೆನ್ಸಿ (ಬಾಡಿಗೆ ಕರಾರು) ಕಾಗದ ತೆಗೆದು ನೋಡಿ. ಸೆಕ್ಯೂರ್ ಟೆನೆನ್ಸಿ ಆಗಿದ್ದು ಅವಧಿ ಹಾಕಿರದಿದ್ದರೆ ಸಂಬಳ ಏರಿದ ಒಂದೇ ಕಾರಣಕ್ಕೆ ನಿಮ್ಮನ್ನು ಯಾರೂ ಬಿಡಿಸಲಾರರು. ಅದು ಐದು ವರ್ಷದ್ದೋ ಬೇರೆ ಅವಧಿಯದ್ದೋ ಆಗಿದ್ದರೆ, 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ ಕೆಲವು ಕೌನ್ಸಿಲ್ಲುಗಳು ಹಾಗೆ ಕೊಡುತ್ತಿವೆ, ಮುಂದುವರಿಸುವಾಗ ಆದಾಯ ನೋಡಬಹುದು. ಆ ಕೌನ್ಸಿಲ್ಲಿನ ಟೆನೆನ್ಸಿ ನೀತಿ ತರಿಸಿಕೊಂಡು ಓದಿ, ಅವಧಿ ಮುಗಿಯುವ ಒಂದು ವರ್ಷ ಮೊದಲೇ ಸಲಹೆಗಾರರನ್ನು ಕಾಣಿ.