ಕರ್ಜತ್‌ನ ಎಂಜಿನ್ ಮತ್ತು ಭಾವನ ಹೃದಯ

ನಮ್ಮವರ ಬಾಯಲ್ಲಿ ‘ಹಾರ್ಟ್ ಫೇಲ್’ ಅಂದರೆ ಆಸಾಮಿ ಹೋದ ಎಂದೇ ಅರ್ಥ. ಮುಂಬಯಿಯ ಮಾಟುಂಗದಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದ ನಮ್ಮ ಭಾವನ ಫೈಲಿನಲ್ಲಿ ಡಾಕ್ಟರು ‘ಹಾರ್ಟ್ ಫೇಲ್ಯೂರ್’ ಎಂದು ಬರೆದ ದಿನ ಡೊಂಬಿವಲಿಯ ಮನೆಯಲ್ಲಿ ಅರ್ಧ ಶ್ರಾದ್ಧವೇ ನಡೆದುಹೋಯಿತು. ಅಸಲಿಗೆ ಅದು ಹೃದಯ ನಿಲ್ಲುವುದಲ್ಲ. ಮೈಗೆ ಬೇಕಾದಷ್ಟು ರಕ್ತ ದೂಡಲಾರದೆ ಅದು ಸೋಲುವುದು. ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ಬಾಳುವವರಿದ್ದಾರೆ.

ನನ್ನ ತಕರಾರು ಆಮೇಲಿನದ್ದು. ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದ ಭಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂದವರು ಒಬ್ಬರೇ ಇಬ್ಬರೇ! ಊರಿಂದ ಮಂತ್ರಿಸಿದ ದಾರವೂ ಬಂತು. ಅದು ಖಿನ್ನತೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಸುಸ್ತು, ನಿದ್ದೆಗೇಡು, ಊಟ ಸೇರದಿರುವುದು: ಎರಡೂ ಕಾಯಿಲೆಗೆ ಲಕ್ಷಣಗಳು ಇವೇ ತಾನೆ.

ಹೃದಯ ಸೋತವರಲ್ಲಿ ಸುಮಾರು ಐವರಿಗೊಬ್ಬರಿಗೆ ಖಿನ್ನತೆಯಿರುತ್ತದೆ. ತೀವ್ರ ಖಿನ್ನತೆಯಿದ್ದವರಲ್ಲಿ ವರ್ಷದೊಳಗಿನ ಸಾವು ಸುಮಾರು ಇಮ್ಮಡಿ ಎಂದು 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಕಂಡುಕೊಂಡಿತು. ಕಾಯಿಲೆ ಬಲಿತವರೇ ಹೆಚ್ಚು ಕುಗ್ಗುವುದೂ ಉಂಟು, ಹಾಗಾಗಿ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಲಾಗದು. ಆದರೆ ಮನಸ್ಸು ಹೃದಯವನ್ನು ಮುಟ್ಟುವ ದಾರಿಯಂತೂ ಇದೆ.

ಪುಣೆಗೆ ಹೋಗುವ ರೈಲಿಗೆ ಕರ್ಜತ್‌ನಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಕಟ್ಟುತ್ತಾರಲ್ಲ? ಘಾಟಿ ಹತ್ತಿಸಲು. ಲೋಣಾವಳದಲ್ಲಿ ಬಿಚ್ಚುತ್ತಾರೆ. ಸೋತ ಹೃದಯಕ್ಕೂ ದೇಹ ಹೀಗೇ ಅಡ್ರಿನಲಿನ್ ಜಾತಿಯ ಹಾರ್ಮೋನುಗಳ ಎಂಜಿನ್ ಕಟ್ಟುತ್ತದೆ, ಬಿಚ್ಚುವುದನ್ನು ಮರೆಯುತ್ತದೆ. ಗಿರಾಕಿ ಹೋದಮೇಲೂ ದೋಸೆ ಕಲ್ಲಿನ ಕೆಳಗೆ ಉರಿ ಆರಿಸದಿದ್ದ ಹಾಗೆ; ಕಲ್ಲೇ ಸೀಳುತ್ತದೆ. ಬೀಟಾ ಬ್ಲಾಕರ್ ಮಾತ್ರೆ ಮಾಡುವುದು ಈ ಉರಿ ತಗ್ಗಿಸುವ ಕೆಲಸವನ್ನೇ. ಖಿನ್ನತೆ ಅದೇ ಉರಿಗೆ ಮತ್ತೆ ಗ್ಯಾಸ್ ಬಿಡುತ್ತದೆ. ಜೊತೆಗೆ, ಮಿದುಳಿನಿಂದ ಇಳಿದು ಬರುವ ವೇಗಸ್ ನರ ಹಾಕುವ ಬ್ರೇಕನ್ನೂ ಸಡಿಲಿಸುತ್ತದೆ.

ಈ ಬ್ರೇಕಿನ ಕತೆ ಹೇಳದೆ ನನಗೆ ಸಮಾಧಾನವಿಲ್ಲ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ವಿಜ್ಞಾನಿ ಓಟ್ಟೊ ಲೋವಿಗೆ ಒಂದು ರಾತ್ರಿ ಪ್ರಯೋಗವೊಂದು ಕನಸಿನಲ್ಲಿ ಬಿತ್ತು. ಎದ್ದು ಗೀಚಿಟ್ಟದ್ದನ್ನು ಬೆಳಿಗ್ಗೆ ತಾನೇ ಓದಲಾರದೆ ಹೋದ. ಮರುರಾತ್ರಿ ಕನಸು ಮತ್ತೆ ಬಂತು. ಈ ಸಲ ನೆಟ್ಟಗೆ ಲ್ಯಾಬಿಗೆ ಓಡಿದ. ವೇಗಸ್ ಕೆಣಕಿ ಒಂದು ಕಪ್ಪೆಯ ಹೃದಯವನ್ನು ನಿಧಾನಿಸಿ, ಅದನ್ನು ನೆನೆಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಸುರಿದ. ಅದೂ ನಿಧಾನವಾಯಿತು! ನರ ರಾಸಾಯನಿಕದ ಮೂಲಕ ಮಾತಾಡುತ್ತದೆಂದು 1921ರಲ್ಲಿ ಪ್ರಕಟಿಸಿದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು.

ಮನಸ್ಸು ಹೃದಯವನ್ನು ಮುಟ್ಟುವ ಇನ್ನೊಂದು ದಾರಿ ತೀರಾ ಸಾಧಾರಣದ್ದು. ಒಂದು ಗುರುವಾರ ಅಕ್ಕ ಮಾತ್ರೆ ಡಬ್ಬಿ ತೆರೆದಳು: ಸೋಮ, ಮಂಗಳ, ಬುಧ, ಮೂರೂ ಖಾನೆ ತುಂಬಿಯೇ ಇದ್ದವು. ‘ಯಾರಿಗೆ ಬೇಕು ಮಾರಾಯ್ತಿ’ ಎಂದರು ಭಾವ. ಮೊದಲೆಲ್ಲ ಅವರು ಬಿಡುತ್ತಿದ್ದದ್ದು ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯೊಂದನ್ನೇ, ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲವೆಂದು. ಅದಕ್ಕೊಂದು ಲೆಕ್ಕಾಚಾರವಾದರೂ ಇತ್ತು.

ಹಾಗಾದರೆ ಖಿನ್ನತೆಯ ಮಾತ್ರೆ ಕೊಟ್ಟರಾಯಿತಲ್ಲ? ನಾನೂ ಹಾಗೇ ಎಣಿಸಿದ್ದೆ. 2010ರಲ್ಲಿ ಸರ್ಟ್ರಲಿನ್, 2016ರಲ್ಲಿ ಎಸಿಟಲೋಪ್ರಾಮ್: ಎರಡೂ ಪ್ರಯೋಗಗಳಲ್ಲಿ ಈ ರೋಗಿಗಳಿಗೆ ಔಷಧವಿಲ್ಲದ ಗುಳಿಗೆಗಿಂತ ಹೆಚ್ಚಿನ ಲಾಭ ಸಿಗಲಿಲ್ಲ, ಮನಸ್ಸಿಗೂ ಇಲ್ಲ, ಆಯುಸ್ಸಿಗೂ ಇಲ್ಲ. ಮಾತಿನ ಚಿಕಿತ್ಸೆ ಖಿನ್ನತೆಯನ್ನು ಇಳಿಸಿದೆ. 2,300ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ವ್ಯಾಯಾಮದ ಅಧ್ಯಯನದಲ್ಲೂ ಖಿನ್ನತೆ ತುಸು ತಗ್ಗಿತು.

ಭಾವನಿಗೆ ಡಾಕ್ಟರು ಎರಡನ್ನೂ ಬರೆದುಕೊಟ್ಟಿದ್ದಾರೆ. ಮೊನ್ನೆ ಹತ್ತು ನಿಮಿಷ ನಡೆದು ಮೂಲೆಯ ಹೋಟೆಲಿಗೆ ಹೋದರು, ಅಲ್ಲಿನ ಸಾಂಬಾರಿಗೆ ಉಪ್ಪು ಜಾಸ್ತಿಯೆಂದು ಭಟ್ಟರ ಜೊತೆ ಜಗಳವಾಡಿ ಬಂದರು. ಅಕ್ಕ ಫೋನಿನಲ್ಲಿ ನಗುತ್ತಿದ್ದಳು.