ಒಂದೇ ಊರಿನ ಹೆಸರು ಪ್ರತಿ ಸಲವೂ ಬೇರೆಯಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಕೋಡ್ ತಪ್ಪೇ?

ಪ್ರಶ್ನೆ: ಸರ್, ಹಾಸನ ಜಿಲ್ಲೆಯ ಕಾಫಿ ಬೆಳೆಗಾರರ ಪಟ್ಟಿಗೆ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಎಇಎಸ್ (ಮಾಹಿತಿಯನ್ನು ಕೀಲಿಯಿಂದ ಗುಪ್ತರೂಪಕ್ಕೆ ತಿರುಗಿಸುವ ವಿಧಾನ) ಬಳಸಿದರೆ ಒಂದೇ ತಾಲ್ಲೂಕಿನ ಹೆಸರಿಗೆ ಪ್ರತಿ ಸಲವೂ ಬೇರೆ ಫಲಿತಾಂಶ ಬರುತ್ತಿತ್ತು. ಐವಿಯನ್ನು (ಕೀಲಿಯ ಜೊತೆಗೆ ಕೊಡುವ ಆರಂಭಿಕ ಮೌಲ್ಯ) ಕೋಡ್‌ನಲ್ಲೇ ಸ್ಥಿರವಾಗಿಟ್ಟ ಮೇಲೆ ಸರಿಹೋಯಿತು. ಹೇಗಿದ್ದರೂ ಐವಿ ಗುಟ್ಟಾಗಿರಬೇಕಲ್ಲವೇ?

ಉತ್ತರ: ಸರಿಹೋಗಲಿಲ್ಲ, ಕೆಟ್ಟಿತು. ಬೇರೆ ಬೇರೆ ಬರುತ್ತಿದ್ದಾಗಲೇ ನಿಮ್ಮ ಕೋಡ್ ಸರಿಯಾಗಿತ್ತು. ಪ್ರತಿ ಬ್ಯಾಚ್‌ಗೂ ಇದನ್ನೇ ಹೇಳಿ ಸಾಕಾಗಿದೆ, ಆದ್ದರಿಂದ ಈ ಸಲ ಬರೆದೇ ಇಡುತ್ತೇನೆ.

2001ರಲ್ಲಿ ಅಮೆರಿಕದ ಪ್ರಮಾಣಕವಾದ ಎಇಎಸ್ ಒಂದು ಸಲಕ್ಕೆ 16 ಬೈಟ್‌ಗಳ ಒಂದು ಬ್ಲಾಕನ್ನು ಮಾತ್ರ ನೋಡುತ್ತದೆ. ಬ್ಲಾಕುಗಳನ್ನು ಸರಪಳಿಯಂತೆ ಜೋಡಿಸುವ ಸಿಬಿಸಿ ವಿಧಾನದಲ್ಲಿ ಪ್ರತಿ ಬ್ಲಾಕ್ ಹಿಂದಿನ ಬ್ಲಾಕಿನ ಗುಪ್ತರೂಪದೊಂದಿಗೆ ಎಕ್ಸ್‌ಆರ್ (ಬಿಟ್‌ಗೆ ಬಿಟ್ ಬೆರೆಸುವ ಕ್ರಿಯೆ) ಆಗಿ ಒಳಗೆ ಹೋಗುತ್ತದೆ. ಮೊದಲ ಬ್ಲಾಕಿಗೆ ಹಿಂದಿನದು ಇಲ್ಲ, ಆ ಜಾಗಕ್ಕೆ ಐವಿ. ಅಷ್ಟೇ ಅದರ ಕೆಲಸ.

ಈಗ ‘ಐವಿ ಎಂದರೆ ಎರಡನೆಯ ಪಾಸ್‌ವರ್ಡ್’ ಎಂಬ ಹಟಮಾರಿ ನಂಬಿಕೆ. ನನ್ನ ಮಾತು ನಂಬಬೇಡಿ, ನೀವೇ ಪರೀಕ್ಷಿಸಿ. ‘ಚಿಕ್ಕಮಗಳೂರು’ ಎಂಬುದನ್ನು ಸಿಬಿಸಿಯಲ್ಲಿ ಎನ್‌ಕ್ರಿಪ್ಟ್ ಮಾಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಕಾಗುಣಿತ, ಒತ್ತು ಬಿಡಿಸಿ ಎಣಿಸಿದರೆ 11 ಚಿಹ್ನೆ, 33 ಬೈಟ್. ಈಗ ಸರಿಯಾದ ಕೀಲಿ ಕೊಟ್ಟು, ಐವಿಯ ಜಾಗದಲ್ಲಿ ಬರೀ ಸೊನ್ನೆಗಳನ್ನಿಟ್ಟು ಡಿಕ್ರಿಪ್ಟ್ ಮಾಡಿ. ಕೆಟ್ಟ ಬೈಟ್‌ಗಳಿದ್ದರೂ ನಿಲ್ಲದಂತೆ ಅಕ್ಷರಕ್ಕೆ ತಿರುಗಿಸಿ. ಮೊದಲ 16 ಬೈಟ್ ಕಸ, ‘ಮ’ ಅರ್ಧಕ್ಕೇ ಮುರಿದಿರುತ್ತದೆ, ಅದರಾಚೆ ‘ಗಳೂರು’ ಒಂದು ಕೊಂಬೂ ಕೊಂಕದೆ ಎದುರಿಗಿರುತ್ತದೆ. ತಪ್ಪು ಹಾಕಿದರೂ ಅರ್ಧ ಬಾಗಿಲು ತೆರೆಯುವುದು ಎಂಥ ಪಾಸ್‌ವರ್ಡ್?

ಐವಿ ಗುಟ್ಟಾಗಿರಬೇಕಿಲ್ಲ. ಪ್ರತಿ ಸಲ ಹೊಸದಾಗಿರಬೇಕು, ಸಿಬಿಸಿಯಲ್ಲಾದರೆ ಯಾರೂ ಮುಂದಾಗಿ ಊಹಿಸಲಾಗದಂತಿರಬೇಕು. ಅದನ್ನು ಗುಪ್ತಪಠ್ಯದ ಮುಂದೆಯೇ ಅಂಟಿಸಿ ಉಳಿಸಿ. ಬಿಡಿಸುವಾಗ ಮೊದಲ 16 ಬೈಟ್ ಕತ್ತರಿಸಿಕೊಳ್ಳಿ. ಬಚ್ಚಿಡಬೇಕಾದದ್ದು ಕೀಲಿಯನ್ನು. ಅದನ್ನು ಮಾತ್ರ ಎಲ್ಲರೂ ಕೋಡ್‌ನ ಮೂರನೆಯ ಸಾಲಿನಲ್ಲಿ ಬರೆದಿಟ್ಟಿರುತ್ತಾರೆ!

ಸ್ಥಿರ ಐವಿಯಿಂದ ಆಗುವುದೇನು? ಹಾಸನ ಜಿಲ್ಲೆಗೆ ಎಂಟು ತಾಲ್ಲೂಕು. ನಿಮ್ಮ ತಾಲ್ಲೂಕು ಕಾಲಂನಲ್ಲಿ ಈಗ ಎಂಟೇ ಬಗೆಯ ಗುಪ್ತಪಠ್ಯಗಳು. ಪಟ್ಟಿ ಕದ್ದವನು ಎಣಿಸಿದರೆ ಸಾಕು. ಕಾಫಿ ಬೆಳೆಗಾರರ ಪಟ್ಟಿಯಲ್ಲಿ ಅತಿ ಹೆಚ್ಚು ಬರುವುದು ಸಕಲೇಶಪುರವೇ ಹೊರತು ತೆಂಗಿನ ಸೀಮೆಯಾದ ಅರಸೀಕೆರೆಯಲ್ಲ ಎಂದು ಊಹಿಸಲು ಕೀಲಿ ಬೇಕೇ? ಹೆಸರಿನ ಕಾಲಂ ಕೂಡ ಬಾಯಿ ಬಿಡುತ್ತದೆ: ಮಂಜುನಾಥ, ಮಂಜುನಾಯ್ಕ ಇಬ್ಬರ ಮೊದಲ ಬ್ಲಾಕೂ ಒಂದೇ.

ಹೊಸದಾಗಿ ಬರೆಯುವವರು ಸಿಬಿಸಿ ಬಿಟ್ಟು ಜಿಸಿಎಂ ಎಂಬ ಇನ್ನೊಂದು ವಿಧಾನ ಬಳಸಿ. ಮಧ್ಯೆ ಯಾರಾದರೂ ಬೈಟ್ ತಿದ್ದಿದರೆ ಅದು ಹಿಡಿದುಕೊಡುತ್ತದೆ. ಅಲ್ಲಿ ಐವಿಯ ಸ್ಥಾನದಲ್ಲಿ 12 ಬೈಟ್‌ಗಳ ನಾನ್ಸ್ (ಒಂದೇ ಸಲ ಬಳಸಬೇಕಾದ ಮೌಲ್ಯ). ಒಂದೇ ಕೀಲಿಯೊಂದಿಗೆ ಅದು ಮರುಕಳಿಸಿದರೆ ಅನಾಹುತ ಸಿಬಿಸಿಗಿಂತ ದೊಡ್ಡದು. ಜಾವಾದವರಿಗೆ ಇನ್ನೊಂದು ಮಾತು: ವಿಧಾನ ಹೇಳದೆ ಬರೀ ‘ಎಇಎಸ್’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಇಸಿಬಿ, ಪ್ರತಿ ಬ್ಲಾಕನ್ನೂ ಬಿಡಿಬಿಡಿಯಾಗಿ ಎನ್‌ಕ್ರಿಪ್ಟ್ ಮಾಡುವ ವಿಧಾನ. ಅದರಲ್ಲಿ ಐವಿಯೇ ಇಲ್ಲ, ಒಂದೇ ಬ್ಲಾಕಿಗೆ ಯಾವಾಗಲೂ ಒಂದೇ ಉತ್ತರ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಕಾಲಂ ಎಷ್ಟು ಅಗಲ ಇಟ್ಟಿದ್ದೀರಿ? ‘ಹಾಸನ’ 12 ಬೈಟ್. ಸಿಬಿಸಿಯಲ್ಲಿ ಪ್ಯಾಡಿಂಗ್ (ಬ್ಲಾಕ್ ತುಂಬಲು ಸೇರಿಸುವ ಬೈಟ್‌ಗಳು) ಸೇರಿ ಒಂದು ಬ್ಲಾಕ್, ಐವಿ ಸೇರಿ 32 ಬೈಟ್, ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ಬೇಸ್64ರಲ್ಲಿ 44 ಅಕ್ಷರ. ‘ಚಿಕ್ಕಮಗಳೂರು’ 33 ಬೈಟ್, ಎರಡು ಬ್ಲಾಕಿಗೆ ಒಂದೇ ಒಂದು ಬೈಟ್ ಹೆಚ್ಚು. ಆ ಒಂದಕ್ಕಾಗಿ ಮೂರನೆಯ ಬ್ಲಾಕ್. ಐವಿ ಸೇರಿ 64 ಬೈಟ್, ಬೇಸ್64ರಲ್ಲಿ 88 ಅಕ್ಷರ. ಕಾಲಂ 50 ಇಟ್ಟಿದ್ದರೆ ‘ಹಾಸನ’ ಎಂಬ ದಾಖಲೆಗಳೆಲ್ಲ ಸರಾಗ, ‘ಚಿಕ್ಕಮಗಳೂರು’ ಎಂಬುದು ಕೈಕೊಡುತ್ತದೆ. ಕೆಲವು ಡೇಟಾಬೇಸ್‌ಗಳು ದೋಷ ತೋರಿಸಿ ನಿಲ್ಲುತ್ತವೆ. ಸಡಿಲವಾಗಿ ಹೊಂದಿಸಿದ್ದರೆ ಬಾಲ ಕತ್ತರಿಸಿ ಸುಮ್ಮನೆ ಉಳಿಸಿಬಿಡುತ್ತವೆ. ಬೈನರಿ ಕಾಲಂ ಮಾಡಿಕೊಂಡರೆ ಬೇಸ್64 ಬೇಕಿಲ್ಲ; ಪ್ಯಾಡಿಂಗ್ ಕೇಳದ ಜಿಸಿಎಂನಲ್ಲಿ ನಾನ್ಸ್, ತಿದ್ದಿದ್ದನ್ನು ಹಿಡಿದುಕೊಡುವ 16 ಬೈಟ್‌ಗಳ ಟ್ಯಾಗ್ ಎಲ್ಲ ಸೇರಿ ಚಿಕ್ಕಮಗಳೂರಿಗೆ 61 ಬೈಟ್ ಸಾಕು.