ಬಾಹಿಯಾ ಕ್ಲಬ್ ಯಾರದು? ಸಾಲ್ವಡೋರ್ ನಗರದ ಫುಟ್‌ಬಾಲ್ ತಂಡವೊಂದರ ಒಂಬತ್ತು ದಶಕ

ಬ್ರೆಜಿಲ್‌ನ ಕ್ಲಬ್ ಫುಟ್‌ಬಾಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ರಿಯೊ ಡಿ ಜನೈರೊ ಮತ್ತು ಸಾವೊ ಪೌಲೊ ರಾಜ್ಯಗಳ ತಂಡಗಳು. ಹಣ, ಪತ್ರಿಕೆಗಳು, ಟಿ.ವಿ. ವಾಹಿನಿಗಳು ಎಲ್ಲವೂ ಆ ಎರಡು ರಾಜ್ಯಗಳ ಸುತ್ತಲೇ ಬೆಳೆದುದರಿಂದ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೆ 1959ರಲ್ಲಿ ರಾಜ್ಯ ಚಾಂಪಿಯನ್ ತಂಡಗಳನ್ನು ಕಲೆಹಾಕಿ ‘ಟಾಸಾ ಬ್ರಸಿಲ್’ ಎಂಬ ರಾಷ್ಟ್ರೀಯ ಟೂರ್ನಿಯನ್ನು ಮೊದಲ ಬಾರಿಗೆ ನಡೆಸಿದಾಗ, ಅದನ್ನು ಗೆದ್ದದ್ದು ಈಶಾನ್ಯ ಕರಾವಳಿಯ ಸಾಲ್ವಡೋರ್ ನಗರದ ಬಾಹಿಯಾ ಕ್ಲಬ್. ಆ ಗೆಲುವಿನಷ್ಟೇ ಈ ಕ್ಲಬ್‌ನ ಚರಿತ್ರೆಯಲ್ಲಿ ಮುಖ್ಯವಾದುದು ಇನ್ನೊಂದಿದೆ: ಅದರ ಒಡೆತನ ಯಾರದು ಎಂಬ ಪ್ರಶ್ನೆ. ಕ್ಲಬ್ ಹುಟ್ಟಿದ ದಿನದಿಂದಲೂ ಒಂದಲ್ಲ ಒಂದು ರೂಪದಲ್ಲಿ ಅದು ಕಾಡುತ್ತಲೇ ಬಂದಿದೆ.

ಸಾಲ್ವಡೋರ್‌ನ ಎರಡು ಪ್ರತಿಷ್ಠಿತ ಸಂಸ್ಥೆಗಳು ತಮ್ಮ ಫುಟ್‌ಬಾಲ್ ವಿಭಾಗಗಳನ್ನು ಮುಚ್ಚಿದಾಗ ಆಡಲು ತಂಡವಿಲ್ಲದೆ ಉಳಿದ ಆಟಗಾರರೇ ಒಟ್ಟುಗೂಡಿ 1931ರ ಜನವರಿ 1ರಂದು ಬಾಹಿಯಾ ಕ್ಲಬ್ಬನ್ನು ಕಟ್ಟಿದರು. ಆ ಸಂಸ್ಥೆಗಳಲ್ಲಿ ಒಂದರ ಹೆಸರಿನಲ್ಲೇ ಟೆನಿಸ್ ಇತ್ತು. ಹೊಸ ಕ್ಲಬ್ ತನ್ನ ರಾಜ್ಯದ ಬಾವುಟದ ನೀಲಿ, ಕೆಂಪು, ಬಿಳಿ ಬಣ್ಣಗಳನ್ನೇ ಉಟ್ಟಿತು, ‘ಗೆಲ್ಲಲೆಂದೇ ಹುಟ್ಟಿದ್ದು’ ಎಂಬ ಘೋಷವಾಕ್ಯವನ್ನು ಇಟ್ಟುಕೊಂಡಿತು ಮತ್ತು ಅದೇ ವರ್ಷ ರಾಜ್ಯ ಚಾಂಪಿಯನ್ ಆಯಿತು. 1899ರಲ್ಲಿ ಸ್ಥಾಪನೆಯಾದ ವಿಟೋರಿಯಾ ಇದೇ ಊರಿನ ಹಳೆಯ ಕ್ಲಬ್. ಈ ಎರಡು ತಂಡಗಳ ಮುಖಾಮುಖಿಗೆ ಇಂದಿಗೂ ‘ಬಾ-ವಿ’ ಎಂದೇ ಹೆಸರು.

1959ರ ಫೈನಲ್‌ನಲ್ಲಿ ಎದುರಾದದ್ದು ಪೆಲೆ ಆಡುತ್ತಿದ್ದ ಸಾಂಟೋಸ್. ಅದರ ಹಿಂದಿನ ವರ್ಷವಷ್ಟೇ ಬ್ರೆಜಿಲ್ ವಿಶ್ವಕಪ್ ಗೆದ್ದಿತ್ತು, ಪೆಲೆ ಆಗಲೇ ಜಗತ್ತಿಗೆ ಪರಿಚಿತರಾಗಿದ್ದರು. ಸಾಂಟೋಸ್‌ನ ಸ್ವಂತ ಅಂಗಳದಲ್ಲಿ ನಡೆದ ಮೊದಲ ಪಂದ್ಯವನ್ನು ಬಾಹಿಯಾ 3–2ರಿಂದ ಗೆದ್ದಿತು. ಸಾಲ್ವಡೋರ್‌ನಲ್ಲಿ ನಡೆದ ಎರಡನೆಯದನ್ನು ಸಾಂಟೋಸ್ 2–0ಯಿಂದ ಗೆದ್ದಿತು. ನಿರ್ಣಾಯಕವಾದ ಮೂರನೇ ಪಂದ್ಯ 1960ರ ಮಾರ್ಚ್ 29ರಂದು ರಿಯೊದ ಮರಕಾನಾದಲ್ಲಿ ನಡೆಯಿತು, ಬಾಹಿಯಾ 3–1ರಿಂದ ಗೆದ್ದಿತು. ಆ ದಿನ ಪೆಲೆ ಆಡಿರಲಿಲ್ಲ ಎಂಬ ಮಾತನ್ನು ಈ ಗೆಲುವಿನ ಪಕ್ಕದಲ್ಲೇ ಹೇಳುವವರಿದ್ದಾರೆ. ಅದು ನಿಜವೇ; ಆದರೆ ಮೊದಲ ಪಂದ್ಯದಲ್ಲಿ ಅವರಿದ್ದರು, ಅಲ್ಲಿಯೂ ಗೆದ್ದದ್ದು ಬಾಹಿಯಾವೇ. ಈ ಗೆಲುವಿನಿಂದಾಗಿ 1960ರ ಮೊಟ್ಟಮೊದಲ ಲಿಬರ್ಟಡೋರ್ಸ್ ಟೂರ್ನಿಯಲ್ಲಿ, ಅಂದರೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಸ್ಪರ್ಧೆಯಲ್ಲಿ, ಬ್ರೆಜಿಲ್ಲನ್ನು ಪ್ರತಿನಿಧಿಸಿದ ತಂಡವೂ ಇದೇ ಆಯಿತು.

ಹೀಗಿದ್ದೂ ರಾಷ್ಟ್ರೀಯ ಚಾಂಪಿಯನ್‌ಗಳ ಪಟ್ಟಿಯನ್ನು ಬಹುಕಾಲ 1971ರಿಂದಲೇ ಎಣಿಸಲಾಗುತ್ತಿತ್ತು. ಬ್ರೆಜಿಲ್ ಫುಟ್‌ಬಾಲ್ ಒಕ್ಕೂಟವು ಟಾಸಾ ಬ್ರಸಿಲ್ ವಿಜೇತರನ್ನು ಆ ಪಟ್ಟಿಗೆ ಸೇರಿಸಿದ್ದು 2010ರ ಡಿಸೆಂಬರ್‌ನಲ್ಲಿ. ಆಗ ದಕ್ಕಿದ ‘ದೇಶದ ಮೊದಲ ಚಾಂಪಿಯನ್’ ಎಂಬ ಅಧಿಕೃತ ಗೌರವವೂ ಹೆಚ್ಚು ಕಾಲ ಉಳಿಯಲಿಲ್ಲ. 2023ರಲ್ಲಿ ಅದೇ ಒಕ್ಕೂಟ 1937ರ ಟೂರ್ನಿಯೊಂದಕ್ಕೆ ಮಾನ್ಯತೆ ಕೊಟ್ಟು ಅಟ್ಲೆಟಿಕೊ ಮಿನೈರೊ ತಂಡವನ್ನು ಮುಂದಕ್ಕೆ ತಂದಿತು. ದೇಶದ ಎಲ್ಲ ಭಾಗಗಳ ರಾಜ್ಯ ಚಾಂಪಿಯನ್ನರಿಗೂ ಬಾಗಿಲು ತೆರೆದ ಟೂರ್ನಿಯ ತೂಕವೇ ಬೇರೆ ಎಂಬುದು ನನ್ನ ಅಭಿಪ್ರಾಯ.

1973ರಿಂದ 1979ರವರೆಗೆ ಬಾಹಿಯಾ ಸತತ ಏಳು ವರ್ಷ ರಾಜ್ಯ ಪ್ರಶಸ್ತಿ ಗೆದ್ದಿತು. ಎರಡನೇ ರಾಷ್ಟ್ರೀಯ ಕಿರೀಟ ಬಂದದ್ದು 1988ರ ಚಾಂಪಿಯನ್‌ಷಿಪ್‌ನಲ್ಲಿ. ಅದರ ಕೊನೆಯ ಸುತ್ತು 1989ರ ಫೆಬ್ರುವರಿಗೆ ಜಾರಿತ್ತು. ಫ್ಲುಮಿನೆನ್ಸ್ ವಿರುದ್ಧದ ಸೆಮಿಫೈನಲ್ ನೋಡಲು ಸಾಲ್ವಡೋರ್‌ನ ಫೋಂಟೆ ನೋವಾ ಕ್ರೀಡಾಂಗಣದಲ್ಲಿ 1,10,438 ಜನ ಸೇರಿದ್ದರು. ಆ ಕ್ರೀಡಾಂಗಣದ ದಾಖಲೆ ಅದು. ಇಂಟರ್‌ನ್ಯಾಸಿಯೊನಲ್ ವಿರುದ್ಧದ ಫೈನಲ್‌ನ ಮೊದಲ ಪಂದ್ಯವನ್ನು ಬೊಬೊ ಹೊಡೆದ ಎರಡು ಗೋಲುಗಳ ಬಲದಿಂದ 2–1ರಲ್ಲಿ ಗೆದ್ದ ತಂಡ, ದಕ್ಷಿಣ ತುದಿಯ ಪೋರ್ಟೊ ಅಲೆಗ್ರೆ ನಗರದಲ್ಲಿ ನಡೆದ ಎರಡನೆಯದನ್ನು ಗೋಲಿಲ್ಲದೆ ಮುಗಿಸಿತು. ಕೋಚ್ ಆಗಿದ್ದವರು ಎವರಿಸ್ಟೊ ಡಿ ಮಸೆಡೊ.

ಅಲ್ಲಿಂದ ಮುಂದೆ ಇಳಿಜಾರು. 1997ರಲ್ಲಿ ಎರಡನೇ ದರ್ಜೆಗೆ ಬಿದ್ದು ಮೇಲೆದ್ದ ತಂಡ 2003ರಲ್ಲಿ ಮತ್ತೆ ಬಿತ್ತು. ಆ ವರ್ಷದ ಕೊನೆಯ ಪಂದ್ಯದಲ್ಲಿ ಸ್ವಂತ ಊರಿನಲ್ಲೇ ಕ್ರುಜೈರೊ ಎದುರು 0–7ರಿಂದ ಸೋತಿತ್ತು. 2005ರಲ್ಲಿ ಮೂರನೇ ದರ್ಜೆಗೆ ಇಳಿಯಿತು. ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇಷ್ಟು ಕೆಳಗಿಳಿದರೂ ಜನ ಅದರ ಕೈ ಬಿಡಲಿಲ್ಲ. 2007ರ ನವೆಂಬರ್ 25ರ ಭಾನುವಾರ ವಿಲಾ ನೋವಾ ವಿರುದ್ಧದ ಮೂರನೇ ದರ್ಜೆಯ ಪಂದ್ಯಕ್ಕೆ ಸುಮಾರು 60 ಸಾವಿರ ಜನ ಬಂದಿದ್ದರು. ಡ್ರಾ ಆದರೂ ಎರಡನೇ ದರ್ಜೆಗೆ ಏರುವುದು ಖಚಿತವಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಮೇಲಂತಸ್ತಿನಲ್ಲಿ ಅಭಿಮಾನಿಗಳು ಸಂಭ್ರಮದಿಂದ ಕುಣಿಯುತ್ತಿದ್ದಾಗ ಅವರ ಕಾಲ ಕೆಳಗಿನ ಕಾಂಕ್ರೀಟ್ ಹಾಸು ಕುಸಿಯಿತು. ಅಲ್ಲಿ ತೆರೆದುಕೊಂಡ ಕಂಡಿಯ ಮೂಲಕ ಹಲವರು ಕ್ರೀಡಾಂಗಣದ ಹೊರಗಿನ ನೆಲಕ್ಕೆ ಬಿದ್ದರು. ಏಳು ಮಂದಿ ಸತ್ತರು. ಎದುರು ಬದಿಯಲ್ಲಿದ್ದ ಸಾವಿರಾರು ಜನರಿಗೆ ಏನಾಯಿತೆಂದು ಆಗ ತಿಳಿಯಲೂ ಇಲ್ಲ, ಅವರು ಅಂಗಳಕ್ಕಿಳಿದು ತಂಡದ ಬಡ್ತಿಯನ್ನು ಆಚರಿಸುತ್ತಿದ್ದರು. 1951ರಿಂದ ಬಳಕೆಯಲ್ಲಿದ್ದ ಆ ಕಟ್ಟಡವನ್ನು ಮುಚ್ಚಿ, 2010ರಲ್ಲಿ ಸ್ಫೋಟಿಸಿ ಕೆಡವಿ, ಅದೇ ಜಾಗದಲ್ಲಿ 2014ರ ವಿಶ್ವಕಪ್‌ಗಾಗಿ ಹೊಸ ಕ್ರೀಡಾಂಗಣವನ್ನು ಕಟ್ಟಲಾಯಿತು.

ಹೊಸ ಫೋಂಟೆ ನೋವಾ 2013ರ ಏಪ್ರಿಲ್‌ನಲ್ಲಿ ಬಾ-ವಿ ಪಂದ್ಯದೊಂದಿಗೆ ಆರಂಭವಾಯಿತು. ಬಾಹಿಯಾ ಅದನ್ನು 1–5ರಿಂದ ಸೋತಿತು. ಮರು ತಿಂಗಳು ರಾಜ್ಯ ಫೈನಲ್‌ನ ಮೊದಲ ಪಂದ್ಯದಲ್ಲಿ ಅದೇ ಅಂಗಳದಲ್ಲಿ 3–7ರಿಂದ ಸೋತಿತು. ಕೆಲವೇ ಮಂದಿಯ ಬಿಗಿಹಿಡಿತದಲ್ಲಿದ್ದ ಆಡಳಿತದ ಮೇಲೆ ಅಭಿಮಾನಿಗಳಿಗಿದ್ದ ಸಿಟ್ಟು ಆಗ ಕಟ್ಟೆಯೊಡೆಯಿತು. ಅಧ್ಯಕ್ಷರನ್ನು ಆರಿಸುವ ಅಧಿಕಾರ ಸಾಮಾನ್ಯ ಸದಸ್ಯರಿಗೆ ಇರಲಿಲ್ಲ, ಕ್ಲಬ್‌ನ ಮಂಡಳಿಗಿತ್ತು. ಅಭಿಮಾನಿಗಳು ಪಂದ್ಯಗಳಿಗೆ ಹೋಗದೆ ಕ್ರೀಡಾಂಗಣವನ್ನು ಖಾಲಿ ಬಿಡುವ ಚಳವಳಿ ಹೂಡಿದರು. ಮಂಡಳಿಯ ರಚನೆಯನ್ನು ಪ್ರಶ್ನಿಸಿದ್ದ ದಾವೆಯೊಂದು ಅಷ್ಟರಲ್ಲಾಗಲೇ ನ್ಯಾಯಾಲಯದಲ್ಲಿತ್ತು. ಜುಲೈನಲ್ಲಿ ನ್ಯಾಯಾಲಯ ಆಡಳಿತವನ್ನು ವಜಾಗೊಳಿಸಿ, ವಕೀಲ ಕಾರ್ಲೊಸ್ ರಾಟಿಸ್ ಅವರನ್ನು ಆಡಳಿತಾಧಿಕಾರಿಯಾಗಿ ನೇಮಿಸಿತು. ಆಗಸ್ಟ್‌ನಲ್ಲಿ ಸದಸ್ಯರು ಸಭೆ ಸೇರಿ ನೇರ ಚುನಾವಣೆಗೆ ಅವಕಾಶ ಕೊಡುವ ಹೊಸ ನಿಯಮಾವಳಿಯನ್ನು ಅಂಗೀಕರಿಸಿದರು. ಸೆಪ್ಟೆಂಬರ್ 7ರಂದು, ಬ್ರೆಜಿಲ್‌ನ ಸ್ವಾತಂತ್ರ್ಯ ದಿನದಂದೇ, ತಮ್ಮ ಮತದಿಂದ ಫೆರ್ನಾಂಡೊ ಶ್ಮಿಟ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಈ ಕ್ಲಬ್‌ನ ಸಾಧನೆಗಳಲ್ಲಿ ಅತ್ಯಂತ ದೊಡ್ಡದು ಯಾವುದೆಂದು ಕೇಳಿದರೆ ನಾನು ಮರಕಾನಾದ ಗೆಲುವಿಗಿಂತ ಮೊದಲು ಈ ಮತದಾನವನ್ನೇ ಹೆಸರಿಸುತ್ತೇನೆ.

ಅದರ ಫಲ ಅಂಗಳದ ಆಚೆಗೂ ಕಂಡಿತು. ಆಫ್ರಿಕಾ ಮೂಲದವರೇ ಬಹುಸಂಖ್ಯಾತರಾದ ಊರಿನ ಕ್ಲಬ್ ಜನಾಂಗಭೇದ, ಮೂಲನಿವಾಸಿಗಳ ಭೂಮಿಯ ಹಕ್ಕು ಮುಂತಾದವುಗಳ ಬಗ್ಗೆ ಬಹಿರಂಗವಾಗಿ ಮಾತನಾಡತೊಡಗಿತು. 2019ರ ಅಕ್ಟೋಬರ್‌ನಲ್ಲಿ ಈಶಾನ್ಯದ ಕಡಲತೀರಗಳಿಗೆ ಕಚ್ಚಾ ತೈಲ ಬಂದು ಬಡಿದಾಗ, ಆಟಗಾರರು ತೈಲದ ಕಪ್ಪು ಕಲೆಗಳನ್ನು ಮುದ್ರಿಸಿದ ಅಂಗಿ ತೊಟ್ಟು ಕಣಕ್ಕಿಳಿದರು.

ಆದರೆ ಮತದಾನದಿಂದ ಬೊಕ್ಕಸ ತುಂಬುವುದಿಲ್ಲ. 2021ರಲ್ಲಿ ಈಶಾನ್ಯ ಕಪ್ ಗೆದ್ದ ತಂಡವೇ ಆ ವರ್ಷದ ಕೊನೆಗೆ ಮತ್ತೆ ಎರಡನೇ ದರ್ಜೆಗೆ ಇಳಿಯಿತು. ಅದೇ ವರ್ಷ ಬ್ರೆಜಿಲ್ ತಂದ ಕಾನೂನು ಸದಸ್ಯರ ಕ್ಲಬ್‌ಗಳು ತಮ್ಮ ಫುಟ್‌ಬಾಲ್ ವಿಭಾಗವನ್ನು ಕಂಪನಿಯಾಗಿ ಮಾರ್ಪಡಿಸಲು ದಾರಿ ಮಾಡಿಕೊಟ್ಟಿತ್ತು. 2022ರ ಡಿಸೆಂಬರ್‌ನಲ್ಲಿ ಸದಸ್ಯರು ಭಾರಿ ಬಹುಮತದಿಂದ ಆ ಕಂಪನಿಯ ಶೇ 90 ಪಾಲನ್ನು ಸಿಟಿ ಫುಟ್‌ಬಾಲ್ ಗ್ರೂಪ್‌ಗೆ ಮಾರಲು ಒಪ್ಪಿದರು. ಇದು ಮ್ಯಾಂಚೆಸ್ಟರ್ ಸಿಟಿಯ ಒಡೆತನ ಹೊಂದಿರುವ, 2019ರಲ್ಲಿ ನಮ್ಮ ಮುಂಬೈ ಸಿಟಿ ತಂಡದ ಬಹುಪಾಲು ಷೇರುಗಳನ್ನು ಕೊಂಡ ಗುಂಪು. ಉಳಿದ ಶೇ 10 ಸದಸ್ಯರ ಸಂಘದ ಬಳಿ ಇದೆ. ಈ ಸಣ್ಣ ಪಾಲಿಗೂ ಕಾನೂನಿನ ಬಲವಿದೆ: ಸಂಘದ ಒಪ್ಪಿಗೆಯಿಲ್ಲದೆ ಕ್ಲಬ್‌ನ ಹೆಸರು, ಲಾಂಛನ, ಬಣ್ಣಗಳನ್ನಾಗಲಿ, ಅದು ನೆಲೆಸಿರುವ ಊರನ್ನಾಗಲಿ ಬದಲಿಸುವಂತಿಲ್ಲ. ಒಂಬತ್ತು ವರ್ಷಗಳ ಹಿಂದೆ ಹೋರಾಡಿ ಪಡೆದ ಮತದಿಂದಲೇ ಮಾರಾಟವೂ ತೀರ್ಮಾನವಾಯಿತು. ಬೀಗ ಹಾಕಿದ ಕೋಣೆಯಲ್ಲಿ ಯಾರೋ ಕೆಲವರು ಮಾಡಿದ ವ್ಯವಹಾರ ಅದಾಗಿರಲಿಲ್ಲ.

ಹೊಸ ಒಡೆಯರ ಮೊದಲ ವರ್ಷ ಸುಲಭವಾಗಿರಲಿಲ್ಲ. 2023ರ ಕೊನೆಯ ಸುತ್ತಿನಲ್ಲಿ ಅಟ್ಲೆಟಿಕೊ ಮಿನೈರೊ ತಂಡವನ್ನು 4–1ರಿಂದ ಸೋಲಿಸಿ, ಅಷ್ಟರಲ್ಲಿ ಮೊದಲ ದರ್ಜೆಗೆ ಮರಳಿದ್ದ ಬಾಹಿಯಾ ಅಲ್ಲೇ ಉಳಿದುಕೊಂಡಿತು. ಅದೇ ರಾತ್ರಿ ಸಾಂಟೋಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಎರಡನೇ ದರ್ಜೆಗೆ ಇಳಿಯಿತು. 2024ರಲ್ಲಿ ರೊಜೆರಿಯೊ ಸೆನಿ ಅವರ ತರಬೇತಿಯಲ್ಲಿ ಎಂಟನೇ ಸ್ಥಾನ ಪಡೆದ ತಂಡ, 1989ರ ನಂತರ ಮೊದಲ ಬಾರಿಗೆ ಲಿಬರ್ಟಡೋರ್ಸ್ ಅಂಗಳಕ್ಕೆ ಮರಳಿತು. 2025ರ ಆ ಟೂರ್ನಿಯ ಗುಂಪಿನಲ್ಲಿ ಅದಕ್ಕೆ ಎದುರಾದವರಲ್ಲಿ ಹಳೆಯ ಎದುರಾಳಿ ಇಂಟರ್‌ನ್ಯಾಸಿಯೊನಲ್ ಕೂಡ ಇತ್ತು. ಪೋರ್ಟೊ ಅಲೆಗ್ರೆಯಲ್ಲಿ ಅದರ ವಿರುದ್ಧ ಸೋತು ಬಾಹಿಯಾ ಗುಂಪಿನ ಮೂರನೇ ಸ್ಥಾನದೊಂದಿಗೆ ಹೊರಬಿತ್ತು. ಅದೇ ವರ್ಷ 51ನೇ ರಾಜ್ಯ ಪ್ರಶಸ್ತಿಯೂ ಐದನೇ ಈಶಾನ್ಯ ಕಪ್ಪೂ ಸಾಲ್ವಡೋರ್‌ಗೆ ಬಂದವು.